ಹಾಯಿದೋಣಿಯ ಕಂಬಕ್ಕೆ ತುಕ್ಕು ಹಿಡಿದದ್ದು

ಕೋಲಾರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನ ಹತ್ತಿರ ಬುದ್ಧಿವಂತರು ಬರೋದೇ ಕಮ್ಮಿ. ಅವರ ಮನೇಲಿ ಏನೂ ಮುರಿಯಲ್ವೋ ಏನೋ. ಉಳಿದವರೆಲ್ಲ ಬರ್ತಾರೆ, ಮುರಿದದ್ದನ್ನ ತರ್ತಾರೆ, ಹೇಗೆ ಸರಿ ಮಾಡಬೇಕು ಅಂತ ನನಗೇ ಪಾಠ ಹೇಳ್ತಾರೆ. ಒಬ್ಬ ಹೋದ ಅಂತ ಉಸಿರು ಬಿಡೋಷ್ಟರಲ್ಲಿ ಅವನ ತಾತನಂಥವನು ಬಂದು ನಿಂತಿರ್ತಾನೆ. ಇಂಥವರಲ್ಲಿ ಹಾಯಿದೋಣಿ ಸಾಹುಕಾರನಿಗೆ ಮೊದಲ ಮಣೆ ಹಾಕಬೇಕು.

ಒಣಗಿದ ಕೆರೆಗೆ ದೋಣಿ

ಎರಡು ಸಾವಿರದ ಇಸವಿ ದಾಟಿದ ಹೊಸತು. ಸೈಟು ಮಾರಿ ದುಡ್ಡು ಮಾಡಿದ್ದ ಈ ಸಾಹುಕಾರ ಲಕ್ಕೂರು ಕಡೆ ಕೆರೆ ಪಕ್ಕದಲ್ಲಿ ಒಂದು ರೆಸಾರ್ಟ್ ಕಟ್ಟಿಸಿದ. ರೆಸಾರ್ಟ್ ಅಂದಮೇಲೆ ದೋಣಿ ಬೇಡವಾ? ಮದ್ರಾಸಿಂದ ಒಂದು ಹಳೇ ಹಾಯಿದೋಣೀನ ಲಾರಿ ಮೇಲೆ ಹೊರಿಸಿಕೊಂಡು ಬಂದ. ಆಗ ಕೆರೆ ಒಳಗೆ ಎಮ್ಮೆ ಮೇಯ್ತಿದ್ದವು.

ನನಗೆ ಕರೆ ಬಂತು. ಹೋಗಿ ನೋಡಿದೆ. ಹಾಯಿ ಕಟ್ಟೋ ಎತ್ತರದ ಕಂಬ ಇರುತ್ತಲ್ಲ, ಅದರ ಬುಡ ಕೂರೋಕೆ ದೋಣಿ ನಡುವೆ ಒಂದು ಕಬ್ಬಿಣದ ಗೂಡು. ನಾವು ಸಾಕೆಟ್ ಅಂತೀವಿ. ಸಮುದ್ರದ ಉಪ್ಪುನೀರು ಕುಡಿದೂ ಕುಡಿದೂ ಅದು ಹಪ್ಪಳ ಆಗಿತ್ತು. ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿದರೆ ಆಚೆ ಕಡೆ ಬಂತು.

"ಇದು ಹೋಗಿದೆ ಸಾರ್. ತೆಗೆದು ಹೊಸದು ಕೂರಿಸಬೇಕು," ಅಂದೆ.

"ಅದೆಲ್ಲ ಯಾಕಪ್ಪ? ಮೇಲೆ ಒಂದು ಕೋಟ್ ಪೇಂಟ್ ಹೊಡಿ ಸಾಕು."

"ಒಳಗೆ ಕಬ್ಬಿಣವೇ ಉಳಿದಿಲ್ಲ ಸಾರ್, ಪೇಂಟ್ ಯಾವುದಕ್ಕೆ ಹೊಡೀಲಿ?"

ಸಾಹುಕಾರ ಗಲ್ಲ ಕೆರೆದುಕೊಂಡು ಯೋಚನೆ ಮಾಡಿದ. ಆಮೇಲೆ ಹೇಳಿದ, "ಹಂಗಾದ್ರೆ ಎರಡು ಕೋಟ್ ಹೊಡಿ."

ತೂತು

ಕೊನೆಗೂ ನನ್ನ ಮಾತೇ ಗೆದ್ದಿತು. ಚೈನ್ ಪುಲ್ಲಿ ಕಟ್ಟಿ ಕಂಬ ಮೇಲೆತ್ತಿದ್ವಿ, ಹಳೇ ಬೋಲ್ಟ್ ಕತ್ತರಿಸಿ ತೆಗೆದ್ವಿ, ದಪ್ಪ ಪ್ಲೇಟಿನಲ್ಲಿ ಹೊಸ ಸಾಕೆಟ್ ಮಾಡಿ, ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಳಿದು ಕೂರಿಸಿದ್ವಿ. ಕಂಬದ ಮೇಲಿಂದ ಇಳಿಯೋ ಮಳೆನೀರು ಒಳಗೆ ನಿಂತರೆ ಮತ್ತೆ ತುಕ್ಕೇ. ಅದಕ್ಕೆ ಸಾಕೆಟ್ಟಿನ ಪಕ್ಕಕ್ಕೆ, ಅಡಿಯಲ್ಲಿ, ನೀರು ಹರಿದು ಹೋಗಲಿ ಅಂತ ಒಂದು ತೂತು ಕೊರೆದೆ.

ರೆಸಾರ್ಟ್ ನೋಡಿಕೊಳ್ತಿದ್ದವನು ಸಾಹುಕಾರನ ಬಾಮೈದ. ಕೆಲಸ ನೋಡೋಕೆ ಬಂದವನು ಹೌಹಾರಿದ.

"ಏಮಯ್ಯ, ದೋಣಿಗೇ ತೂತು ಹಾಕಿದ್ದೀಯಲ್ಲ? ಮುಳುಗಲ್ವಾ?"

"ಇದು ಸಾಕೆಟ್ಟಿನ ತೂತು ಸಾರ್. ದೋಣಿ ತಳ ಇನ್ನೂ ಕೆಳಗಿದೆ."

"ಎಲ್ಲಿದ್ರೇನು, ತೂತು ತೂತೇ."

ಬಗ್ಗಿಸಿ ತೋರಿಸಿದೆ, ಚೊಂಬಲ್ಲಿ ನೀರು ಹೊಯ್ದು ತೋರಿಸಿದೆ. ಗಂಟಲು ಒಣಗೋವರೆಗೂ ಹೇಳಿದೆ. ಅವನು ಎಲ್ಲಾ ಕೇಳಿ, ಎಮ್ಮೆ ಮಲಗಿದ್ದ ಕೆರೆ ಕಡೆ ಒಂದು ಸಲ ನೋಡಿ, "ಅರ್ಥ ಆಯ್ತು ಬಿಡು. ಈಜು ಬರೋರನ್ನ ಮಾತ್ರ ಹತ್ತಿಸ್ತೀವಿ," ಅಂದ.

ನೋಡಲೂ ಬೇಡ

ಒಂದು ವರ್ಷ ಕಳೆದಿರಬೇಕು. ಮಾಲೂರಿನ ಹೊಸ ಫ್ಯಾಕ್ಟರಿಯೊಂದರ ಗೇಟು, ಶೆಡ್ಡು ನನಗೇ ಅಂತ ಮಾತಾಗಿತ್ತು. ಅಂಗಡಿ ಹುಡುಗರಿಗೆಲ್ಲ ವರ್ಷಪೂರ್ತಿ ಕೈತುಂಬ ಕೆಲಸ. ಅಷ್ಟರಲ್ಲಿ ಅಲ್ಲಿನ ಮ್ಯಾನೇಜರ್ ಸಾಹೇಬರು ಕರೆಸಿ, "ಏನಪ್ಪ, ದೋಣಿ ಕಂಬಾನೇ ನೆಟ್ಟಗೆ ನಿಲ್ಲಿಸೋಕೆ ಬರಲಿಲ್ವಂತೆ. ನಮ್ಮ ಗೇಟು ನಿಂತೀತಾ? ಸ್ವಲ್ಪ ತಡಿ, ಯೋಚನೆ ಮಾಡಿ ಹೇಳ್ತೀನಿ," ಅಂದರು.

ಸಾಕೆಟ್ಟಿಗೆ ಮತ್ತೆ ತುಕ್ಕು ಹಿಡಿದಿತ್ತಂತೆ. ಸಾಹುಕಾರ ಮಾಲೂರಿಂದ ಕೋಲಾರದವರೆಗೂ ನನ್ನ ಮಾನ ಹರಾಜು ಹಾಕಿದ್ದ. ಹಳೇ ಸಾಕೆಟ್ಟೇ ಸಮುದ್ರದಲ್ಲಿ ವರ್ಷಗಟ್ಟಲೆ ತಡೆದುಕೊಂಡಿತ್ತು, ನಾನು ಮಾಡಿದ ಹೊಸದು ಒಣಗಿದ ಕೆರೇಲಿ ಒಂದೇ ವರ್ಷಕ್ಕೆ ತುಕ್ಕು ಹಿಡಿಯುತ್ತಾ? ನೋಡೇಬಿಡೋಣ ಅಂತ ಹೋದರೆ ಬಾಮೈದ ಬಾಗಿಲಲ್ಲೇ ತಡೆದ.

"ದೋಣಿ ಮುಟ್ಟೋಕೆ ನಿನ್ನ ಬಿಡಬಾರದು ಅಂದಿದಾರೆ ಭಾವ."

"ಮುಟ್ಟಲ್ಲ ಸಾರ್, ಬರೀ ನೋಡ್ತೀನಿ."

"ನೋಡಿದ್ರೇ ಅಲ್ವೇನಯ್ಯ ದೃಷ್ಟಿ ಆಗೋದು?"

ಕಂಬದ ಸೇವೆ

ಆ ವರ್ಷ ನಮ್ಮ ಪುಣ್ಯಕ್ಕೆ ಮಳೆ ಹುಯ್ದು ಕೆರೆಗೆ ನೀರು ಬಂತು. ದೋಣಿ ಇಳಿಸೋ ದಿನ ಶಾಮಿಯಾನ, ವಾಲಗ, ಊರಿಗೆಲ್ಲ ಊಟ. ಮುಖ್ಯ ಅತಿಥಿ ಯಾರು ಅಂತೀರಾ? ಅದೇ ಫ್ಯಾಕ್ಟರಿ ಮ್ಯಾನೇಜರ್. ಅವರ ಎದುರಿಗೆ ಕಂಬ ಬಿದ್ದರೆ ನನ್ನ ಅಂಗಡಿ ಬಾಗಿಲು ಹಾಕಿಕೊಂಡ ಹಾಗೇ. ಕರೆಯದಿದ್ದರೂ ಹೋದೆ, ಊಟದವರ ಜೊತೆ ಒಳಗೆ ನುಗ್ಗಿದೆ.

ದೋಣಿ ಹತ್ತಿರ ಹೋಗಿ ನೋಡ್ತೀನಿ, ಸಾಹುಕಾರ ಮಡಿ ಪಂಚೆ ಉಟ್ಟುಕೊಂಡು ಕಂಬಕ್ಕೆ ಪೂಜೆ ಮಾಡ್ತಿದ್ದಾನೆ. ಸಾಕೆಟ್ಟಿನ ಅಂಚಿಗೇ ತೆಂಗಿನಕಾಯಿ ಹೊಡೆದ. ನೀರನ್ನೆಲ್ಲ ಒಳಗೇ ಹೊಯ್ದ. ನಿಂಬೆಹಣ್ಣು ಕುಯ್ದು ಹಿಂಡಿದ. ಕಂಬಕ್ಕೆ ದೃಷ್ಟಿ ತೆಗೆದು, ಆ ಒಂದು ಹಿಡಿ ಕಲ್ಲುಪ್ಪನ್ನೂ ಅಲ್ಲೇ ಹಾಕಿದ. ನಾನು ಕೊರೆದಿದ್ದ ತೂತಿಗೆ ಬಾಮೈದ ಗಟ್ಟಿಯಾಗಿ ಮೇಣ ಮೆತ್ತಿದ್ದ.

"ಸಾರ್, ಇದನ್ನ ದಿನಾ ಮಾಡ್ತೀರಾ?" ಅಂದೆ.

"ಮತ್ತೆ? ನೀನು ಕಂಬ ನಿಲ್ಲಿಸಿದ ದಿನದಿಂದ ಒಂದು ದಿನಾನೂ ತಪ್ಪಿಸಿಲ್ಲ. ಭಕ್ತಿಯಿಂದ ಮಾಡಿದ್ರೂ ನಿನ್ನ ಕಬ್ಬಿಣಕ್ಕೆ ಯೋಗ್ಯತೆ ಇಲ್ಲ."

"ದಯವಿಟ್ಟು ಇವತ್ತು ಹಾಯಿ ಬಿಚ್ಚಬೇಡಿ ಸಾರ್, ಬುಡ ತುಕ್ಕು ತಿಂದು ಹೋಗಿದೆ," ಅಂದೆ. ಯಾರು ಕೇಳ್ತಾರೆ? ಮ್ಯಾನೇಜರ್ ಸಾಹೇಬರನ್ನ ಹಾರ ಹಾಕಿ ಹತ್ತಿಸಿದರು. ಬಾಮೈದ ಹಾಯಿ ಬಿಚ್ಚಿದ. ಕೆರೆ ಮೇಲಿಂದ ಗಾಳಿ ಬೀಸಿತು. ಕಂಬ ಒಂದು ಸಲ ನರಳಿ, ಮಾವಿನೆಲೆ ತೋರಣದ ಸಮೇತ ನಿಧಾನಕ್ಕೆ ನೀರಿನ ಕಡೆ ಒರಗಿತು. ಜೊತೆಗೆ ದೋಣಿಯೂ ವಾಲಿತು. ಮಂಡಿಯುದ್ದದ ನೀರಲ್ಲಿ ಸಾಹುಕಾರ, ಬಾಮೈದ, ಅತಿಥಿ ಮೂವರೂ ಕೆಸರಿಗೆ ಕೂತರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಮ್ಯಾನೇಜರ್ ಎದ್ದು, ಕನ್ನಡಕ ಒರೆಸಿಕೊಂಡು, ಕಿತ್ತುಹೋಗಿದ್ದ ಸಾಕೆಟ್ ಒಳಗೆ ಇಣುಕಿದರು. ಅರಿಶಿನ, ಕುಂಕುಮ, ನಿಂಬೆಸಿಪ್ಪೆ, ಅಕ್ಕಿಕಾಳು, ಉಪ್ಪಿನ ಬಗ್ಗಡ. ಒಂದು ಉಪ್ಪಿನಕಾಯಿ ಭರಣಿಗೆ ಬೇಕಾದ್ದೆಲ್ಲ ಇತ್ತು. "ಇದನ್ನೆಲ್ಲ ಹೊಯ್ದಿದ್ದಕ್ಕೇ ಅಲ್ವೇನ್ರೀ ಬಿದ್ದಿದ್ದು?" ಅಂದರು.

ಸಾಹುಕಾರ ಪಂಚೆ ಹಿಂಡುತ್ತಾ ಹೇಳಿದ, "ಏನ್ ಸಾರ್ ಹಿಂಗಂತೀರಾ? ಪೂಜೆ ಮಾಡ್ದೆ ಇದ್ದಿದ್ರೆ ಹೋದ ವರ್ಷಾನೇ ಬಿದ್ದಿರೋದು."

ಗೇಟಿನ ಕೆಲಸ ಅಲ್ಲೇ, ಆ ಕೆಸರಲ್ಲೇ ನನ್ನದಾಯಿತು. ಗೇಟು ನಿಲ್ಲಿಸಿದ ದಿನ ಮ್ಯಾನೇಜರ್ ಸಾಹೇಬರು ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡು, ಹಿಂಜರಿಯುತ್ತಾ ಬಂದರು.

"ಎಲ್ಲಿ ಒಡೀಲಪ್ಪ?"

"ರಸ್ತೆ ಆಚೆ ಕಡೆ ಸಾರ್," ಅಂದೆ.