ನುಂಗದ ಭಾವನ ಬಿಯರ್ ಯಾತ್ರೆ

ಬೇಲೂರು ತಾಲ್ಲೂಕಿನಲ್ಲಿ ನಮ್ಮ ಭಾವನಷ್ಟು ಬಗೆಯ ಬಿಯರನ್ನು ಬಾಯಿಗೆ ಹಾಕಿಕೊಂಡವರು ಇನ್ನೊಬ್ಬರಿಲ್ಲ. ಆದರೆ ಒಂದೇ ಒಂದು ಗುಟುಕನ್ನು ಬಿಟ್ಟರೆ ಅವರು ಅದರಲ್ಲಿ ಒಂದು ಹನಿಯನ್ನೂ ನುಂಗಿದವರಲ್ಲ. ಮೊದಲ ಮಾತನ್ನು ಊರು ಪೂರ್ತಿ ನಂಬಿದೆ. ಎರಡನೆಯದಕ್ಕೆ ಪ್ರತ್ಯಕ್ಷ ಸಾಕ್ಷಿ ನಾನು. ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ದುಡಿದವನಾದ್ದರಿಂದ ಕಂಡದ್ದನ್ನು ಮಾತ್ರ ಬರೆಯುತ್ತೇನೆ, ಕಂಡದ್ದಕ್ಕೂ ಇನ್ನೊಂದು ಸಾಕ್ಷಿ ಹುಡುಕುತ್ತೇನೆ. ಈ ಪ್ರಕರಣದ ಇನ್ನೊಂದು ಸಾಕ್ಷಿ, ಹಾಸನದ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿರುವ ಒಂದು ಕ್ರೋಟನ್ ಗಿಡ. ಅದು ಹೇಳಿಕೆ ಕೊಡುವ ಸ್ಥಿತಿಯಲ್ಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂವತ್ತು ವರ್ಷ ರುಚಿ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಸಾಲಾಗಿಟ್ಟ ಬಟ್ಟಲುಗಳಿಂದ ಒಂದೊಂದು ಚಮಚ ಕಾಫಿಯನ್ನು ‘ಸೊರ್ರ್’ ಎಂದು ಹೀರುವುದು, ನಾಲಿಗೆಯ ಮೇಲೆ ಹೊರಳಿಸುವುದು, ಉಗಿಯುವುದು, ತೀರ್ಪು ಕೊಡುವುದು. ಎಲ್ಲವನ್ನೂ ನುಂಗುತ್ತ ಹೋದರೆ ಮಧ್ಯಾಹ್ನದೊಳಗೆ ಎದೆ ನಗಾರಿಯಾಗುತ್ತದೆ. ‘ಗೋಣಿಚೀಲ’ ಎಂಬ ಒಂದೇ ಪದ ಉಚ್ಚರಿಸಿ ಅರೇಹಳ್ಳಿಯ ಎಂತೆಂಥ ಬೆಳೆಗಾರರ ಲಾರಿಗಳನ್ನು ಅವರು ವಾಪಸ್ ಕಳಿಸಿದ್ದಾರೆ. ಕಾಫಿ ಗೋಣಿಯ ವಾಸನೆ ಹೊಡೆಯುತ್ತಿದೆ ಎಂದು ಅದರ ಅರ್ಥ. ಮನೆಯಲ್ಲೂ ಬೆಳಗಿನ ಮೊದಲ ಗುಟುಕು ಕಾಫಿ ಹಿತ್ತಲಿನ ಕರಿಬೇವಿನ ಗಿಡಕ್ಕೇ ಮೀಸಲು.

ಅವರು ನಿವೃತ್ತರಾದ ವರ್ಷವೇ ಅಕ್ಕನಿಗೆ ಕೆಟ್ಟ ಜ್ವರ ಬಂದು ವಾಸನೆ, ರುಚಿ ಎರಡೂ ಹೋದವು. ಕಾಫಿ ಬರೀ ಬಿಸಿನೀರಿನಂತಿದೆ ಎನ್ನುತ್ತಿದ್ದಳು. ಆರು ತಿಂಗಳಾದ ಮೇಲೆ, “ಎಲ್ಲಾ ವಾಪಸ್ ಬಂತು ಕಣೋ” ಎಂದಳು. ನಾವೆಲ್ಲ ಸಂತೋಷಪಟ್ಟು ಆ ಕಡತ ಮುಚ್ಚಿದೆವು. ಅದಾದ ಸ್ವಲ್ಪ ದಿನಕ್ಕೆ ಭಾವನ ಬಿಯರ್ ಯಾತ್ರೆ ಶುರುವಾಯಿತು. ಅಕ್ಕನ ರುಚಿ ಬಂತು, ಭಾವನ ಬುದ್ಧಿ ಹೋಯಿತು ಎಂದು ನೆಂಟರು ವರದಿ ಮಾಡಿದರು.

ಅಕ್ಕನ ಫೋನು ಬಂದದ್ದು ಬೇಸಿಗೆಯ ಆರಂಭದಲ್ಲಿ. “ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಅಂತ ಹೊಸ ಹೊಸ ಬಿಯರ್ ಹುಡುಕ್ಕೊಂಡು ಹೋಯ್ತಾರೆ ಕಣೋ. ಹೋಗ್ಲಿ ಅಂದ್ರೆ ಫ್ಲಾಸ್ಕಲ್ಲಿ ತುಂಬಿಸ್ಕೊಂಡು ಅಡುಗೆಮನೆಗೇ ತತ್ತಾರೆ. ನೀನು ಜೊತೆಗೋಗಿ ಅದೇನ್ ನೋಡು. ಬರೋ ಚಳಿಗಾಲದೊಳಗೆ ನಿಲ್ಲಿಸ್ಲಿಲ್ಲ ಅಂದ್ರೆ ನಾನು ಅರಸೀಕೆರೆಗೆ ನಿಮ್ಮನೆಗೆ ಬತ್ತೀನಿ. ಬಂದ್ರೆ ವಾಪಸ್ ಹೋಗಕಿಲ್ಲ.”

ಅಕ್ಕ ಆಡಿದ ಮಾತು ತಪ್ಪುವವಳಲ್ಲ. ನನ್ನದು ಎರಡು ಕೋಣೆಯ ಮನೆ. ತನಿಖೆ ಒಪ್ಪಿಕೊಂಡೆ.

ಮೊದಲ ಭೇಟಿ ಹಾಸನದ ಆ ಹೋಟೆಲಿಗೆ. ಅವರೇ ಬಿಯರ್ ತಯಾರಿಸುತ್ತಾರೆ. ಬೇಸಿಗೆಯಲ್ಲಿ ಮಾವಿನ ಬಿಯರ್. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಭಾವ ಗ್ಲಾಸನ್ನು ಮೂಗಿಗೆ ಹಿಡಿದರು, ಕಣ್ಣು ಮುಚ್ಚಿದರು, ‘ಸೊರ್ರ್’ ಎಂದರು. ಅಕ್ಕಪಕ್ಕದ ಮೇಜಿನವರು ತಿರುಗಿದರು. ಭಾವ ಸಾವಧಾನವಾಗಿ ಕ್ರೋಟನ್ ಗಿಡದ ಬುಡಕ್ಕೆ ಉಗಿದರು.

ಸಪ್ಲೈಯರ್ ಓಡಿ ಬಂದ. “ಸರ್, ಬೇರೆ ತಂದ್ಕೊಡ್ಲಾ?”

“ಬ್ಯಾಡ ಕಣಪ್ಪ, ಚೆನ್ನಾಗೈತೆ.”

“ಚೆನ್ನಾಗಿದ್ರೆ ಯಾಕ್ ಸರ್ ಉಗುದ್ರಿ?”

“ಕೆಟ್ಟದ್ದನ್ನ ಎಲ್ಲಾರೂ ಉಗೀತಾರೆ. ಚೆನ್ನಾಗಿರೋದ್ನ ಉಗಿಯೋಕೆ ಅಭ್ಯಾಸ ಬೇಕು.”

ಮ್ಯಾನೇಜರ್ ಬಂದರು. ಅವರ ಹಿಂದೆ ಬಿಯರ್ ತಯಾರಿಸುವವನೂ ಬಂದ. ಭಾವ ಇನ್ನೊಮ್ಮೆ ಹೀರಿ, ಉಗಿದು, “ಬಾದಾಮಿ ಮಾವು ಅಂತ ಬೋರ್ಡ್ ಹಾಕಿದೀರಿ. ಅರ್ಧ ಬಾದಾಮಿ, ಇನ್ನರ್ಧ ಡಬ್ಬದ ತೋತಾಪುರಿ, ಅಲ್ವಾ?” ಎಂದರು. ತಯಾರಿಸುವವನು ಮ್ಯಾನೇಜರ್ ಮುಖ ನೋಡಿದ. ಮ್ಯಾನೇಜರ್ ಗಿಡದ ಮುಖ ನೋಡಿದರು. ನಮಗೆ ಒಂದು ಫ್ಲಾಸ್ಕ್ ಮಾವಿನ ಬಿಯರ್ ಬಹಳ ಮರ್ಯಾದೆಯಿಂದ ಸಿಕ್ಕಿತು.

ಮಳೆಗಾಲದಲ್ಲಿ ಬೆಂಗಳೂರು. ಅಲ್ಲಿ ಕಾಫಿ ಬೆರೆಸಿದ ಕಪ್ಪು ಬಿಯರ್. ಮೂವತ್ತು ವರ್ಷ ಕಾಫಿ ಉಗಿದವರು ಅದನ್ನು ಬಿಯರಿನಲ್ಲೂ ಹುಡುಕಿಕೊಂಡು ಹೋಗಿ ಉಗಿದರು. ಇದಕ್ಕೆ ವೃತ್ತಿನಿಷ್ಠೆ ಎನ್ನಬೇಕೋ ಹಗೆ ಎನ್ನಬೇಕೋ? ರೈಲಿನಲ್ಲಿ ಅರಸೀಕೆರೆಗೆ ಬಂದು ಬೇಲೂರಿನ ಬಸ್ ಹಿಡಿದೆವು. ಹಳೇಬೀಡಿನಲ್ಲಿ ಹತ್ತಿದ ಪರಿಚಯದ ಮೇಷ್ಟ್ರೊಬ್ಬರು ಭಾವನ ತೊಡೆಯ ಮೇಲಿದ್ದ ಫ್ಲಾಸ್ಕ್ ನೋಡಿ, “ಏನ್ ಸ್ವಾಮಿ ಅದು?” ಎಂದರು.

“ಬಿಯರ್ ಮೇಷ್ಟ್ರೆ.”

ಮೇಷ್ಟ್ರು ಕೆಮ್ಮು ಬರುವವರೆಗೆ ನಕ್ಕರು. “ನಿಮ್ದೊಳ್ಳೆ ತಮಾಷೆ. ಕಷಾಯ ತಾನೆ? ನನ್ ಕೆಮ್ಮಿಗೂ ಒಂದ್ ಮುಚ್ಚಳ ಬಿಡಿ.”

“ಇಲ್ಲ ಮೇಷ್ಟ್ರೆ, ಇದು ಒಬ್ಬರಿಗೇ ಅಂತ ತಂದಿರೋದು.”

ಭಾವ ಕುಡುಕರೆಂಬ ಸುಳ್ಳನ್ನು ಬೇಲೂರು ನಂಬಿತ್ತು, ಹಳೇಬೀಡು ಸತ್ಯವನ್ನು ನಂಬಲಿಲ್ಲ. ನಡುವೆ ಇರುವುದು ಹದಿನಾರು ಕಿಲೋಮೀಟರು. ನನ್ನ ವೃತ್ತಿಯಲ್ಲಿ ಇದು ಹೊಸ ಅನುಭವವಲ್ಲ.

ಮನೆಗೆ ಬಂದವರೇ ಭಾವ ಫ್ಲಾಸ್ಕನ್ನು ಅಡುಗೆಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದರು. ಹೊಸ್ತಿಲಲ್ಲಿ ನಿಂತಿದ್ದ ನನ್ನ ಮೂಗಿಗೂ ಹುರಿದ ಕಾಫಿಯ ವಾಸನೆ ಬಂತು. ಅಕ್ಕ ಸಾರು ತಿರುಗಿಸುತ್ತಿದ್ದಳು.

“ಏನಾದ್ರೂ ಗೊತ್ತಾಯ್ತೇನೇ?” ಎಂದರು ಭಾವ.

“ಗೊತ್ತಾಗದೇನು? ಹೆಂಡದ ವಾಸನೆ. ನಿಮ್ಮ ಬುದ್ಧಿ ವಾಸನೇನೂ ಬತ್ತಾ ಐತೆ.”

ಭಾವ ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. ಪ್ರತಿ ಬಿಯರಿನ ಹೆಸರಿನ ಮುಂದೆ ಅವರದೊಂದು ಅಂಕ, ಅದರ ಪಕ್ಕದಲ್ಲಿ ಒಂದು ಸೊನ್ನೆ. ಮಾವಿಗೂ ಸೊನ್ನೆ. ಈಗ ಕಾಫಿಗೂ ಒಂದು ಸೊನ್ನೆ ಸುತ್ತಿದರು. ಎಂಥ ಕಟುಕ ಪರೀಕ್ಷಕ ಎಂದುಕೊಂಡೆ. ಊಟಕ್ಕೆ ಕುಳಿತರೆ ಸಾರಿಗೆ ಉಪ್ಪು ಎರಡರಷ್ಟು. ನಾನು ಎರಡು ಲೋಟ ನೀರು ಕುಡಿದೆ. ಭಾವ, “ಹದವಾಗೈತೆ” ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ನೌಕರಿಯ ಜೊತೆ ನಾಲಿಗೆಯೂ ನಿವೃತ್ತವಾಗಿದೆ ಎಂದು ನಾನು ಮನಸ್ಸಿನಲ್ಲೇ ವರದಿ ಬರೆದೆ.

ಚಳಿಗಾಲದಲ್ಲಿ ಮತ್ತೆ ಬೆಂಗಳೂರು. ಈ ಸಲ ಕಿತ್ತಳೆ ಸಿಪ್ಪೆ ಹಾಕಿ ಮಾಡಿದ ಗೋಧಿ ಬಿಯರ್. ವಾಪಸ್ ಬರುವಾಗ ತಿಪಟೂರು ದಾಟಿದ ಮೇಲೆ ವಿಷಯಕ್ಕೆ ಬಂದೆ. “ಭಾವ, ಅಕ್ಕ ಬಟ್ಟೆ ಜೋಡಿಸಿಟ್ಟವಳೆ. ನೀವು ಎಲ್ಲಾದ್ರೂ ಹೋಗಿ, ಎಷ್ಟಾದ್ರೂ ಉಗೀರಿ. ಮನೆಗ್ಯಾಕೆ ತರ್ತೀರಿ?”

ಭಾವ ತೊಡೆಯ ಮೇಲಿದ್ದ ಫ್ಲಾಸ್ಕಿನ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು.

“ನಿಮ್ಮಕ್ಕಂಗೆ ಏನೂ ವಾಪಸ್ ಬಂದಿಲ್ಲ ಕಣೋ. ನಾವೆಲ್ಲಾ ಮುಖ ಸಣ್ಣ ಮಾಡ್ಕೊತೀವಿ ಅಂತ ಬಂತು ಅಂದವಳೆ. ಒಂದಿನ ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕ್ಕೊಟ್ಟೆ. ಕುಡುದು, ‘ಚೆನ್ನಾಗೈತೆ’ ಅಂದ್ಲು.”

ನನಗೆ ಆ ಎರಡು ಲೋಟ ನೀರು ನೆನಪಾಯಿತು.

“ಮಲ್ಲಿಗೆ, ಇಂಗು, ಏಲಕ್ಕಿ, ಏನ್ ಹಿಡುದ್ರೂ ನೋಡಿ ಹೇಳ್ಬುಡ್ತಾಳೆ. ಕಣ್ಣಲ್ಲೇ ಮೂಸೋದು ಕಲ್ತವಳೆ. ನಾವು ಕಾಫಿ ನೋಡುವಾಗ ಬಟ್ಟಲ ಮೇಲೆ ತೋಟದ ಹೆಸರು ಬರೀತಿರ್ಲಿಲ್ಲ, ತಳದಾಗೆ ನಂಬರ್ ಇರೋದು. ಹಂಗೆ ಇದೂ. ಫ್ಲಾಸ್ಕ್ ಒಳಗೆ ಕಾಣಲ್ಲ. ಬಿಯರ್ ಅಂದ್ರೆ ಹೆಂಡ ಅನ್ನೋದೊಂದೇ ಅವಳಿಗೆ ಗೊತ್ತಿರೋದು. ಕಾಲಕ್ಕೊಂದು ಹಣ್ಣು ಹಾಕವ್ರೆ ಅಂತ ಅವಳಿಗೇನ್ ಗೊತ್ತು? ಅವಳು ಬೇರೆ ಏನಾದ್ರೂ ಅಂದ್ರೆ ಅದು ಮೂಗೇ ಹೇಳಿದ್ದು. ಇಲ್ಲೀಗಂಟ ಅವಳದು ಬರೀ ಸೊನ್ನೆ.”

“ಅವಳಿಗೆ ನಿಜ ಹೇಳ್ಬಿಡಬಹುದಲ್ಲ ಭಾವ.”

“ಮುಚ್ಚಿಟ್ಟವಳೆ. ನಾನ್ಯಾಕೆ ತೆಗೀಲಿ?”

ಬೇಲೂರಿನ ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಅಕ್ಕನ ಚೀಲ ನಿಜವಾಗಿಯೂ ಬಾಗಿಲ ಬಳಿಯೇ ಇತ್ತು. ಭಾವ ಅಡುಗೆಮನೆಯ ಕಡೆ ತಿರುಗಿದ್ದೇ ತಡ, “ಸಾಕು ನಿಮ್ಮ ಪ್ರಸಾದ” ಎಂದು ಅವರ ಕೈಯಿಂದ ಫ್ಲಾಸ್ಕ್ ಕಿತ್ತುಕೊಂಡು ಹಿತ್ತಲಿಗೆ ಹೋದಳು. ನಾವೂ ಹಿಂದೆ ಹೋದೆವು. ಒಗೆಯುವ ಕಲ್ಲಿನ ಬಳಿ ಚೆಲ್ಲಲು ಮುಚ್ಚಳ ತಿರುಗಿಸಿದಳು.

“ಇದೇನ್ರೀ, ಇದ್ರಾಗೆ ಕಿತ್ತಳೆ ಸಿಪ್ಪೆ ತುಂಬಿದೀರಾ? ಎಷ್ಟ್ ತಿಕ್ಕಿದ್ರೂ ಈ ವಾಸನೆ...”

ಫ್ಲಾಸ್ಕನ್ನು ಮತ್ತೆ ಮೂಗಿನ ಬಳಿ ತಂದಳು. ಒಳಗೆ ಇಣುಕಿದಳು. ಮತ್ತೊಮ್ಮೆ ಮೂಸಿದಳು.

“ಸಿಪ್ಪೇನೇ ಇಲ್ಲ” ಎಂದಳು, ತನಗೆ ತಾನೇ.

ಭಾವ ಜೇಬಿನಲ್ಲಿ ಪೆನ್ನು ತಡಕಿದರು. ಪೆನ್ನು ಅಲ್ಲೇ ಇತ್ತು, ಕೈಗೆ ಸಿಗಲಿಲ್ಲ. ಅಕ್ಕ ಫ್ಲಾಸ್ಕನ್ನು ಸುಮ್ಮನೆ ಎದೆಗಾನಿಸಿಕೊಂಡು ನಿಂತಿದ್ದಳು. ಭಾವ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಬಾಯಿಗೆ ಎತ್ತಿದರು. ‘ಸೊರ್ರ್’ ಎನ್ನಲಿಲ್ಲ. ಕಣ್ಣು ಮುಚ್ಚಲಿಲ್ಲ, ಅಕ್ಕನನ್ನೇ ನೋಡುತ್ತಿದ್ದರು. ಕರಿಬೇವಿನ ಗಿಡ ಒಂದು ಮಾರು ದೂರದಲ್ಲೇ ಇತ್ತು.

ಉಗಿಯಲಿಲ್ಲ.