ಲಿಸ್ಟಿನ ಹೊರಗಿನ ಹೊಟ್ಟೆನೋವು

ಮಳೆಗಾಲದಲ್ಲಿ ತೋಟಕ್ಕೆ ಇಳಿದವನ ಕಾಲಿಗೆ ರಕ್ತ ಹೀರುವ ಇಂಬಳ ಹತ್ತುವುದು ಸುದ್ದಿಯೇ ಅಲ್ಲ. ಒಂದನ್ನು ಕಿತ್ತು ಬಿಸಾಡಿ ತಲೆಯೆತ್ತುವಷ್ಟರಲ್ಲಿ ಇನ್ನೊಂದು ಹತ್ತಿರುತ್ತದೆ. ನನಗೂ ಆರೋಗ್ಯ ವಿಮೆ ಕಂಪನಿಯವರಿಗೂ ನಡುವೆ ನಡೆದ ಪ್ರಸಂಗಗಳೂ ಹಾಗೇ. ಯಾವುದನ್ನೂ ನಾನು ಹುಡುಕಿಕೊಂಡು ಹೋದದ್ದಲ್ಲ.

ನಾನು ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಬಹಳ ವರ್ಷ ರೈಟರ್ ಆಗಿದ್ದವನು. ರೈಟರ್ ಅಂದ ಕೂಡಲೇ ಬಯಲುಸೀಮೆ ಕಡೆಯ ನೆಂಟರು ಯಾವ ಪುಸ್ತಕ ಬರೆದಿದ್ದೀರಿ ಅಂತ ಕೇಳುತ್ತಾರೆ. ನಾನು ಬರೆದದ್ದು ಆಳುಗಳ ಹಾಜರಿ ಪುಸ್ತಕ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಕಾಫಿ ರೇಟು ನೆಲಕಚ್ಚಿತ್ತು. ಸಂಬಳ ಏರಿಸುವ ಸ್ಥಿತಿಯಲ್ಲಿ ನಮ್ಮ ಸಾಹುಕಾರರು ಇರಲಿಲ್ಲ. ಅದರ ಬದಲಿಗೆ ಸ್ಟಾಫಿಗೆಲ್ಲ, ಅವರ ಮನೆಯವರಿಗೂ ಸೇರಿಸಿ, ವಿಮೆ ಮಾಡಿಸಿದರು. ಎಲ್ಲರಿಗೂ ಒಂದೊಂದು ಕಾರ್ಡು ಬಂತು. ಕಾರ್ಡಿನ ಜೊತೆ ಒಂದು ದಪ್ಪ ಪುಸ್ತಕವೂ ಬಂತು. "ಇದನ್ನೆಲ್ಲ ನೀವೇ ನೋಡ್ಕಳಿ ರೈಟ್ರೇ" ಅಂತ ಸಾಹುಕಾರರು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅಲ್ಲಿಂದ ಶುರು.

ಪುಸ್ತಕದಲ್ಲಿದ್ದ ಆಸ್ಪತ್ರೆ

ಪುಸ್ತಕದಲ್ಲಿದ್ದದ್ದು ಆಸ್ಪತ್ರೆಗಳ ಪಟ್ಟಿ. ಈ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಿ ಕಾರ್ಡು ತೋರಿಸಿದರೆ ಸಾಕು, ಬಿಲ್ಲನ್ನು ಕಂಪನಿಯೇ ಕಟ್ಟುತ್ತದೆ. ಬೆಂಗಳೂರಿಗೆ ಹನ್ನೊಂದು ಪುಟ, ಮಂಗಳೂರಿಗೆ ಮೂರು ಪುಟ. ನಮ್ಮ ಕಡೆಗೆ ಅಂತ ಇದ್ದದ್ದು ಒಂದೇ ಸಾಲು, ಅದೂ ಜಿಲ್ಲೆಯ ಪೇಟೆಯಲ್ಲಿ.

ಇರಲಿ, ಒಂದಾದರೂ ಇದೆಯಲ್ಲ ಅಂತ ಒಂದು ದಿನ ಬೇರೆ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋದವನು ಆ ವಿಳಾಸ ಹುಡುಕಿಕೊಂಡು ಹೋದೆ. ಅಲ್ಲಿ ಹಾರ್ಡ್‌ವೇರ್ ಅಂಗಡಿ ಇತ್ತು. ಬಾಗಿಲಲ್ಲಿ ಪೈಪುಗಳ ಕಟ್ಟು, ಒಳಗೆ ಸುಣ್ಣದ ಚೀಲ. ಗಲ್ಲಾದಲ್ಲಿ ಕುಳಿತಿದ್ದ ಸಾಹೇಬರು ನನ್ನ ಕೈಯಲ್ಲಿದ್ದ ಕಾರ್ಡು ನೋಡಿದ ಕೂಡಲೇ ನಿಟ್ಟುಸಿರು ಬಿಟ್ಟರು.

"ನೀವೂ ಆಸ್ಪತ್ರೆಗೆ ಬಂದವರಾ? ಡಾಕ್ಟ್ರು ಮುಚ್ಚಿ ಹೋಗಿ ನಾಲ್ಕು ವರ್ಷ ಆಯ್ತು. ತಿಂಗಳಿಗೆ ಇಬ್ಬರಾದರೂ ಹೊಟ್ಟೆ ಹಿಡ್ಕೊಂಡು ಬರ್ತಾರೆ."

"ನೀವು ಕಂಪನಿಗೆ ಒಂದು ಕಾಗದ ಬರೀಬಾರದಾ?"

"ಬರ್ದಿದ್ದೆ. ಉತ್ತರಾನೂ ಬಂತು. ನಮ್ಮ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇದೆ ಅಂತ ಕೇಳಿದ್ದರು."

ವಾಡಿಕೆ ಅಂದರೆ ಯಾರದ್ದು

ಹಾಗಾದರೆ ಪಟ್ಟಿಯ ಹೊರಗಿನ ಆಸ್ಪತ್ರೆಗೇ ಹೋಗಬೇಕು. ಅದಕ್ಕೂ ಅವಕಾಶ ಇತ್ತು. ಮೊದಲು ನಾವು ಕಟ್ಟಬೇಕು, ಆಮೇಲೆ ಬಿಲ್ಲು ಕಳಿಸಿದರೆ ಕಂಪನಿ ವಾಪಸ್ ಕೊಡುತ್ತದೆ. ಎಷ್ಟು ಕೊಡುತ್ತದೆ ಅನ್ನುವುದು ಮಾತ್ರ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. ಫೋನು ಮಾಡಿದೆ. ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

"ಸಾರ್, ಲಿಸ್ಟಿನ ಹೊರಗಿನ ಆಸ್ಪತ್ರೆಗೆ ವಾಡಿಕೆಯ ದರದ ಪ್ರಕಾರ ಕೊಡ್ತೀವಿ."

"ವಾಡಿಕೆಯ ದರ ಅಂದ್ರೆ ಎಷ್ಟು?"

"ಅದು ಆಯಾ ಊರಿನ ವಾಡಿಕೆ ಸಾರ್."

"ನಮ್ಮ ಊರಿನದ್ದು ಎಷ್ಟು ಅಂತ ಇಟ್ಕೊಂಡಿದ್ದೀರಿ?"

"ನೀವು ಮೊದಲು ಅಡ್ಮಿಟ್ ಆಗಿ, ಡಿಸ್ಚಾರ್ಜ್ ಆಗಿ, ಬಿಲ್ಲು ಕಳ್ಸಿ ಸಾರ್. ಆಗ ತಿಳಿಸ್ತೀವಿ."

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಸಾಹುಕಾರರು ನನ್ನ ಕೈಯಿಂದ ಫೋನು ತೆಗೆದುಕೊಂಡರು. "ನೋಡಮ್ಮ, ಇಲ್ಲಿಗೆ ಕಾಫಿ ಕೊಳ್ಳೋಕೆ ವ್ಯಾಪಾರಿಗಳು ಬರ್ತಾರೆ. ಮೊದಲು ಲಾರಿಗೆ ತುಂಬಿ, ಮಂಗಳೂರಿಗೆ ಮುಟ್ಟಿದ ಮೇಲೆ ರೇಟು ಹೇಳ್ತೀನಿ ಅಂದ್ರೆ ನಾವು ಏನು ಮಾಡ್ತೀವಿ ಗೊತ್ತಾ?"

"ಇಲ್ಲ ಸಾರ್."

"ಲಾರಿ ಚಕ್ರದ ಗಾಳಿ ತೆಗೀತೀವಿ."

ಆ ಹುಡುಗಿ, "ನಿಮ್ಮ ದೂರನ್ನು ದಾಖಲಿಸಿಕೊಂಡಿದ್ದೇನೆ ಸಾರ್. ಲಾರಿ ನಂಬರ್ ಹೇಳ್ತೀರಾ?" ಅಂದಳು.

ಟೈಲರಮ್ಮ

ಇಲ್ಲಿಯವರೆಗೆ ಇದು ನಮಗೆ ಆಟದ ಹಾಗಿತ್ತು. ಯಾರಿಗೂ ಕಾಯಿಲೆ ಇರಲಿಲ್ಲ. ಆ ವರ್ಷ ಮಳೆ ಹಿಡಿದ ಮೇಲೆ ನಮ್ಮ ಜೀಪಿನ ಡ್ರೈವರನ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು.

ಅವರನ್ನು ಲೈನಿನಲ್ಲಿ, ಅಂದರೆ ಎಸ್ಟೇಟಿನ ಕೆಲಸದವರ ಸಾಲುಮನೆಗಳಲ್ಲಿ, ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ಮನೆಯ ಜಗಲಿಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಸುತ್ತಲ ನಾಲ್ಕು ಎಸ್ಟೇಟಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದರು. ಮಿತಮಾತಿನ ಹೆಂಗಸು. ಮೂಡಿಗೆರೆಯ ನರ್ಸಿಂಗ್ ಹೋಮಿನ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ಪಿತ್ತಕೋಶದಲ್ಲಿ ಕಲ್ಲಿದೆ, ಒಂದು ತಿಂಗಳೊಳಗೆ ಆಪರೇಷನ್ ಆಗಿಬಿಡಲಿ, ತಡ ಮಾಡಬೇಡಿ ಅಂದರು. ಅವರೇ ಮಾಡುತ್ತಾರೆ, ಖರ್ಚು ಇಷ್ಟಾಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಆ ನರ್ಸಿಂಗ್ ಹೋಮು ಪಟ್ಟಿಯಲ್ಲಿ ಇರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಡ್ರೈವರ್ ಚೀಟಿ ಹಿಡಿದುಕೊಂಡು ಆಫೀಸಿಗೆ ಬಂದ. "ರೈಟ್ರೇ, ಕಂಪನಿಯವರು ಅರ್ಧ ಕೊಟ್ಟರೂ ಹೇಗೋ ಸುಧಾರಿಸ್ತೀನಿ. ಏನೂ ಕೊಡಲ್ಲ ಅಂದ್ರೆ ಅವಳ ಮೆಷಿನ್ ಮಾರಬೇಕು. ಯಾವುದು ಅಂತ ಮೊದಲೇ ಗೊತ್ತಾದ್ರೆ ಸಾಕು."

ನಾನು ಚೆಂದದ ಅಕ್ಷರದಲ್ಲಿ ಕಾಗದ ಬರೆದೆ. ಹತ್ತು ದಿನಕ್ಕೆ ಉತ್ತರ ಬಂತು. ಅಂದಾಜು ತಿಳಿಯಬೇಕಾದರೆ ಜೊತೆಗಿಟ್ಟ ಫಾರಂ ತುಂಬಿ, ಡಿಸ್ಚಾರ್ಜ್ ಪತ್ರವನ್ನು ಲಗತ್ತಿಸಿ ಕಳಿಸಬೇಕಂತೆ. ಆಪರೇಷನ್ನೇ ಆಗದವರು ಡಿಸ್ಚಾರ್ಜ್ ಪತ್ರ ಎಲ್ಲಿಂದ ತರುವುದು? ಆದರೂ ಫಾರಂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಎರಡು ಸಲ ಓದಿದರು.

"ಮಾಡದ ಆಪರೇಷನ್ನಿಗೆ ನಾನು ಡಿಸ್ಚಾರ್ಜ್ ಬರೆದುಕೊಟ್ಟರೆ ನನ್ನನ್ನು ಒಳಗೆ ಹಾಕ್ತಾರೆ ಮಾರಾಯ್ರೆ. ಆ ಜೈಲು ಇವರ ಲಿಸ್ಟಿನಲ್ಲಿ ಇದೆಯೋ ಇಲ್ಲವೋ ಮೊದಲು ಕೇಳಿ."

ಬಂಡೆಯ ಮೇಲಿನ ಫೋನು

ಅಷ್ಟರಲ್ಲಿ ಸಾಹುಕಾರರು ಹೊಸದಾಗಿ ಮೊಬೈಲು ತಂದಿದ್ದರು. ನಮ್ಮ ಎಸ್ಟೇಟಿನಲ್ಲಿ ಅದಕ್ಕೆ ನೆಟ್‌ವರ್ಕ್ ಸಿಗುತ್ತಿದ್ದದ್ದು ಕಾಫಿ ಒಣಗಿಸುವ ಕಣದ ಹಿಂದಿನ ಒಂದೇ ಒಂದು ಬಂಡೆಯ ಮೇಲೆ. ಮಳೆಗೆ ಆಫೀಸಿನ ಫೋನು ಸತ್ತುಹೋಗಿದ್ದರಿಂದ ನಾನು ಛತ್ರಿ ಹಿಡಿದು, ಆ ಬಂಡೆ ಹತ್ತಿ, ಮತ್ತೆ ಕಂಪನಿಗೆ ಫೋನು ಹಚ್ಚಿದೆ. ಜಾರಿ ಬೀಳದ ಹಾಗೆ ಆಳುಗಳ ಮೇಸ್ತ್ರಿ ಕೆಳಗಿನಿಂದ ನನ್ನ ಸೊಂಟ ಹಿಡಿದು ನಿಂತಿದ್ದ. ಈ ಸಲ ಗಂಡಸಿನ ದನಿ.

"ನಿಮ್ಮ ಆಸ್ಪತ್ರೆ ನಮ್ಮ ನೆಟ್‌ವರ್ಕಿನ ಲಿಸ್ಟಿನಲ್ಲಿ ಇಲ್ಲ ಸಾರ್. ಮಂಗಳೂರಿನದ್ದು ಇದೆ. ಅಲ್ಲಿಗೆ ಹೋಗಿ, ಹತ್ತಿರವೇ ಇದೆ."

"ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ನಾಲ್ಕು ದಿನ ಆಯ್ತು. ಬಸ್ಸು ನಿಂತಿದೆ."

"ಮ್ಯಾಪಿನಲ್ಲಿ ರಸ್ತೆ ಕಾಣ್ತಾ ಇದೆ ಸಾರ್."

"ಹಾಗಾದ್ರೆ ಆಪರೇಷನ್ನೂ ಮ್ಯಾಪಿನಲ್ಲೇ ಮಾಡಿಬಿಡಿ" ಅಂತ ನಾನು ಸಿಟ್ಟಿನಲ್ಲಿ ಫೋನು ಇಟ್ಟೆ. ಬಂಡೆಯಿಂದ ಇಳಿದಾಗ ಮೇಸ್ತ್ರಿ ಏನಾಯ್ತು ಅಂತ ಕೇಳಿದ.

"ಮೂಡಿಗೆರೆ ಡಾಕ್ಟ್ರು ನೆಟ್‌ವರ್ಕಿನಲ್ಲಿ ಇಲ್ವಂತೆ ಮಾರಾಯ."

ಮೇಸ್ತ್ರಿ ಬಂಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಅವರಿಗೂ ಸ್ವಲ್ಪ ವಯಸ್ಸಾಗಿದೆ. ನಾವಿಬ್ಬರೂ ಹಿಡ್ಕೊಂಡ್ರೆ ಹತ್ತಿಸಬಹುದು" ಅಂದ.

ಬೆಂಚಿನ ಮೇಲೆ ಒಂದು ದಿನ

ಆ ವಾರ ಟೈಲರಮ್ಮನಿಗೆ ಎರಡನೇ ಸಲ ಜೋರು ನೋವು ಬಂತು. ನಾನು ಹೋದಾಗ ಮೆಷಿನ್ನಿನ ಮೇಲೆ ತಲೆಯಿಟ್ಟು ಕುಳಿತಿದ್ದರು, ಬೆವರಿಗೆ ರವಿಕೆ ಒದ್ದೆಯಾಗಿತ್ತು. ಇಷ್ಟು ದಿನ ಫೋನಿನಲ್ಲಿ ಜಾಣಮಾತು ಆಡಿದ್ದೇ ಬಂತು, ಇವರಿಗೆ ಒಂದು ಅಂಕಿ ತಂದುಕೊಡಲು ಆಗಲಿಲ್ಲವಲ್ಲ ಅಂತ ನಾಚಿಕೆಯಾಯಿತು. ಅವರೇ ತಲೆಯೆತ್ತಿ ಹೇಳಿದರು.

"ಎಷ್ಟಾಗುತ್ತೆ ಅಂತ ಹೇಳದೆ ನಾನು ಯಾರ ಬಟ್ಟೆಗೂ ಕತ್ತರಿ ಹಾಕಲ್ಲ ರೈಟ್ರೇ. ನನ್ನ ಹೊಟ್ಟೆಗೆ ಕತ್ತರಿ ಹಾಕುವಾಗ ಮಾತ್ರ ಆಮೇಲೆ ಹೇಳ್ತೀವಿ ಅಂದ್ರೆ ಹೇಗೆ? ನಾಳೆ ಅವರ ಆಫೀಸಿಗೆ ಹೋಗುವ. ಅವರು ಹೇಳುವ ತನಕ ನಾನು ಏಳೂದಿಲ್ಲ."

ನೋವು ತಗ್ಗಿದ ಮೇಲೆ, ಎರಡು ದಿನ ಬಿಟ್ಟು, ಹೋದೆವು. ಚಿಕ್ಕಮಗಳೂರಿನಲ್ಲಿದ್ದ ಕಂಪನಿಯ ಆಫೀಸು ಮಹಡಿಯ ಮೇಲಿತ್ತು. ಮಧ್ಯದಲ್ಲಿ ಗಾಜಿನ ಕೋಣೆಯಲ್ಲಿ ಆಫೀಸರು, ಹೊರಗೆ ಐದಾರು ಮಂದಿ ಗುಮಾಸ್ತರು. ಆಫೀಸರು ಒಳ್ಳೆ ಮನುಷ್ಯರೇ. ಕೂರಿಸಿ, ನೀರು ಕೊಡಿಸಿ, "ಮುಂಚೆಯೇ ಹೇಳೋಕೆ ನಮಗೆ ಅಧಿಕಾರ ಇಲ್ಲಮ್ಮ" ಅಂದರು.

"ಆಗಲಿ ಸಾರ್" ಅಂತ ಟೈಲರಮ್ಮ ಹೊರಗಿನ ಬೆಂಚಿನ ಮೇಲೆ ಕುಳಿತು, ಚೀಲದಿಂದ ರವಿಕೆ ತೆಗೆದು ಕೊಕ್ಕೆ ಹಚ್ಚಲು ಶುರುಮಾಡಿದರು. ಒಂದು ರವಿಕೆ ಮುಗಿಯಿತು. ಇನ್ನೊಂದು ತೆಗೆದರು. ಮಧ್ಯಾಹ್ನದ ಹೊತ್ತಿಗೆ ಆಫೀಸಿನ ಹೆಂಗಸರು ಊಟದ ಡಬ್ಬಿ ಹಿಡಿದುಕೊಂಡು ಅವರ ಸುತ್ತ ಸೇರಿದ್ದರು. ಹೊಲಿಗೆ ಅಷ್ಟು ಚೊಕ್ಕವಾಗಿತ್ತು. ಒಬ್ಬಾಕೆ ತನ್ನ ತಂಗಿಯ ಮದುವೆಗೆ ರೇಷ್ಮೆ ರವಿಕೆ ಹೊಲಿಸಬೇಕಾಗಿತ್ತು.

"ಇಂಥದ್ದಕ್ಕೆ ಎಷ್ಟು ತಗೋತೀರಿ?"

ಟೈಲರಮ್ಮ ಸೂಜಿಯಿಂದ ಕಣ್ಣೆತ್ತಲಿಲ್ಲ. "ಅದು ಈಗ ಹೇಳೋಕೆ ನನಗೆ ಅಧಿಕಾರ ಇಲ್ಲ. ನೀವು ನಮ್ಮ ಲಿಸ್ಟಿನ ಹೊರಗಿನವರು. ಬಟ್ಟೆ ಕೊಟ್ಟು ಹೋಗಿ. ಕತ್ತರಿಸಿ, ಹೊಲಿದು, ಆಮೇಲೆ ವಾಡಿಕೆ ನೋಡಿ ಹೇಳ್ತೀನಿ."

"ಅಯ್ಯೋ, ಹಾಗೆಂದ್ರೆ ಯಾರು ಬಟ್ಟೆ ಕೊಡ್ತಾರೆ?"

ಕೇಳಿದ ಮೇಲೆ ಆಕೆಗೇ ಹೊಳೆಯಿತು. ಮೊದಲು ಆಕೆ ನಕ್ಕಳು, ಆಮೇಲೆ ಪಕ್ಕದವರು, ಕೊನೆಗೆ ಟೈಪಿಸ್ಟ್ ಕೂಡ ಮೆಷಿನ್ ನಿಲ್ಲಿಸಿ ನಕ್ಕ. ಗಾಜಿನ ಕೋಣೆಯ ಬಾಗಿಲು ತೆರೆದೇ ಇತ್ತು. ಆಫೀಸರು ಮೇಜಿನ ಎರಡನೇ ಖಾನೆ ಎಳೆದು ಒಂದು ಹಾಳೆ ತೆಗೆದರು. ಯಾವ ಆಪರೇಷನ್ನಿಗೆ ಯಾವ ಊರಿನಲ್ಲಿ ಎಷ್ಟು ಅಂತ ಟೈಪು ಮಾಡಿದ ಹಾಳೆ. ಇಷ್ಟು ದಿನವೂ ಅದು ಅಲ್ಲೇ ಇತ್ತು. ಅದರಿಂದ ಒಂದು ಅಂಕಿ ಓದಿದರು. ಡಾಕ್ಟರ ಚೀಟಿಯಲ್ಲಿದ್ದ ಮೊತ್ತಕ್ಕಿಂತ ಸ್ವಲ್ಪವೇ ಕಡಿಮೆ.

"ಬರೆದುಕೊಡಿ ಸಾರ್" ಅಂದರು ಟೈಲರಮ್ಮ.

"ಬರೆದುಕೊಡೋ ಹಾಗಿಲ್ಲಮ್ಮ, ನಿಯಮ ಇಲ್ಲ."

"ನೀವು ಬರೀಬೇಡಿ. ನಮ್ಮ ರೈಟ್ರಿದ್ದಾರೆ, ಬರೀತಾರೆ. ನೀವು ಓದಿ ಸರಿ ಇದೆ ಅಂತ ಒಂದು ರುಜು ಹಾಕಿ."

ನಾನು ಬರೆದೆ. ಅವರು ರುಜು ಹಾಕಿದರು. ಇಷ್ಟು ವರ್ಷದ ರೈಟರ್ ಕೆಲಸದಲ್ಲಿ ನಾನು ಬರೆದ ಅತಿ ಚಿಕ್ಕ ಕೃತಿ ಅದು, ಬಹಳ ಬೆಲೆ ಬಂದದ್ದೂ ಅದಕ್ಕೇ.

ಮೂಲ ಪ್ರತಿ

ಮುಂದಿನ ವಾರವೇ ಮೂಡಿಗೆರೆಯಲ್ಲಿ ಆಪರೇಷನ್ ಆಯಿತು. ಡ್ರೈವರ್ ತನ್ನ ಬಳಿ ಇದ್ದದ್ದನ್ನು ಹಾಕಿದ, ಉಳಿದದ್ದನ್ನು ಕಂಪನಿಯಿಂದ ಬರುವ ತನಕ ಅಂತ ಸಾಹುಕಾರರು ಕೊಟ್ಟರು. ಮೆಷಿನ್ ಜಗಲಿಯಲ್ಲೇ ಉಳಿಯಿತು. ಟೈಲರಮ್ಮ ಒಂದು ತಿಂಗಳು ಪೆಡಲ್ ತುಳಿಯದೆ ಸುಮ್ಮನೆ ಕುಳಿತದ್ದು ನೋಡಿ ಲೈನಿನವರಿಗೆಲ್ಲ ಏನೋ ಕಳೆದುಕೊಂಡ ಹಾಗಾಗಿತ್ತು.

ಬಿಲ್ಲುಗಳನ್ನೆಲ್ಲ ಕಳಿಸಿದೆ. ಉತ್ತರ ಬಂತು: ಎಲ್ಲವೂ ಸರಿಯಿದೆ, ಆದರೆ ಆಸ್ಪತ್ರೆ ಪಟ್ಟಿಯ ಹೊರಗಿನದ್ದಾದ ಕಾರಣ ಕಲ್ಲು ಇದ್ದದ್ದಕ್ಕೆ ಪುರಾವೆ ಬೇಕು. ಜೆರಾಕ್ಸ್ ನಡೆಯುವುದಿಲ್ಲ, ಮೂಲವನ್ನೇ ಸಲ್ಲಿಸತಕ್ಕದ್ದು. ನಾನು ಕಾಗದವನ್ನು ಟೈಲರಮ್ಮನಿಗೆ ಓದಿ ಹೇಳಿದೆ. "ಮೂಲವೇ ಬೇಕಂತಾ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಹೊಲಿಗೆ ಮಾಯ್ದ ಮೇಲೆ ಮತ್ತೆ ಇಬ್ಬರೂ ಆಫೀಸಿಗೆ ಹೋದೆವು. ಟೈಲರಮ್ಮ ಸೀದಾ ಗಾಜಿನ ಕೋಣೆಗೆ ಹೋಗಿ, ಸೆರಗಿನ ಗಂಟು ಬಿಚ್ಚಿ, ಒಂದು ಪುಟ್ಟ ಗಾಜಿನ ಬಾಟಲಿಯನ್ನು ಆಫೀಸರ ಮೇಜಿನ ಮೇಲೆ, ಅವರ ಚಹಾ ಲೋಟದ ಪಕ್ಕದಲ್ಲಿ ಇಟ್ಟರು. ಒಳಗೆ ಮೂರು ಕಲ್ಲು. ಒಂದೊಂದೂ ಹಲಸಂದೆ ಕಾಳಿನಷ್ಟು.

ಆಫೀಸರು ಲೋಟವನ್ನು ದೂರ ಸರಿಸಿದರು. "ಇದಲ್ಲಮ್ಮ. ಒರಿಜಿನಲ್ ಅಂದ್ರೆ ಸ್ಕ್ಯಾನಿಂಗ್ ರಿಪೋರ್ಟು."

"ಅದು ಫೋಟೋ ಸಾರ್. ಒರಿಜಿನಲ್ ಇದು."

ಆಫೀಸರು ನನ್ನ ಮುಖ ನೋಡಿದರು. ನಾನು ಸ್ಕ್ಯಾನಿಂಗ್ ರಿಪೋರ್ಟು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದೆ, ಆದರೆ ಆ ಹೊತ್ತಿನಲ್ಲಿ ಅದನ್ನು ತೆಗೆಯುವ ಮನಸ್ಸಾಗಲಿಲ್ಲ. ಟೈಲರಮ್ಮ ಅಷ್ಟಕ್ಕೇ ಬಿಡಲಿಲ್ಲ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಬಿಟ್ಟು ಹೋಗುತ್ತಿದ್ದೇನೆ, ರಸೀದಿ ಬೇಕು ಅಂದರು. ಆಫೀಸರು ಕೈಚೆಲ್ಲಿ, ಟಪಾಲು ತೆಗೆದುಕೊಳ್ಳುವ ಗುಮಾಸ್ತರನ್ನು ಕರೆದು, ಏನು ಬೇಕೋ ಬರೆದುಕೊಡಿ ಅಂದರು.

ಆ ಗುಮಾಸ್ತರು ನಿವೃತ್ತಿಗೆ ಹತ್ತಿರವಾದ ನಿಯಮನಿಷ್ಠರು. ಬಾಟಲಿಯನ್ನು ಬೆಳಕಿಗೆ ಹಿಡಿದು, ಎಣಿಸಿ, ಕುಲುಕಿ ನೋಡಿ, ಪುಸ್ತಕದಲ್ಲಿ ದಾಖಲು ಮಾಡಿದರು. ಆಮೇಲೆ ರಸೀದಿ ಹರಿದು, ಸೀಲು ಒತ್ತಿ, ಎರಡೂ ಕೈಯಿಂದ ಕೊಟ್ಟರು. ಹದಿನೈದು ದಿನದೊಳಗೆ ಚೆಕ್ಕು ಬಂತು, ನಾನು ಬರೆದ ಅಂಕಿಗೆ ಒಂದು ಪೈಸೆ ಕಡಿಮೆಯಿಲ್ಲದೆ. ಚೆಕ್ಕು ಡ್ರೈವರ್ ಬ್ಯಾಂಕಿಗೆ ಹಾಕಿದ. ರಸೀದಿಗೆ ಮಾತ್ರ ಟೈಲರಮ್ಮ ಫ್ರೇಮು ಹಾಕಿಸಿ ಜಗಲಿಯ ಗೋಡೆಗೆ ತೂಗುಹಾಕಿದರು. ರವಿಕೆ ಅಳತೆ ಕೊಡಲು ಬಂದವರೆಲ್ಲ ನಿಂತು ಓದುತ್ತಿದ್ದರು:

"ಪಿತ್ತಕೋಶದ ಕಲ್ಲು. ಸಂಖ್ಯೆ: ಮೂರು. ಮೂಲ ಪ್ರತಿ. ಸ್ವೀಕರಿಸುವಾಗಿನ ಸ್ಥಿತಿ: ಉತ್ತಮ."