ಒಣ ರಸ್ತೆಯಲ್ಲಿ ಫೋರ್‌ವೀಲ್

ಎಲ್ಲದಕ್ಕೂ ಕಾರಣ ಡ್ರೈವರಣ್ಣನ ದವಡೆ ಹಲ್ಲು. ಅದು ಬೆಳಿಗ್ಗೆಯೇ ಕೈಕೊಟ್ಟಿತು, ಅವನು ಹಲ್ಲಿನ ಡಾಕ್ಟರ ಹತ್ತಿರ ಹೋದ. ನೀರು ಸರಬರಾಜು ಕಚೇರಿಯ ಹಳೆಯ ಜೀಪಿನಲ್ಲಿ ಪಂಪ್‌ಹೌಸಿಗೆ ಒಂದು ವಾಲ್ವ್ ಮುಟ್ಟಿಸುವವರು ಯಾರು ಎಂಬ ಪ್ರಶ್ನೆ ಎದ್ದಾಗ ಎಲ್ಲರ ಕಣ್ಣೂ ಗುಮಾಸ್ತನ ಮೇಲೆ ಬಿತ್ತು.

ಬೀಳದೆ ಇನ್ನೇನು? ಜೀಪಿನ ಕೈಪಿಡಿ ಇದ್ದದ್ದು ಅವನ ಮೇಜಿನಲ್ಲಿ, ಅದರ ಮೊದಲ ಅಧ್ಯಾಯ ಅವನಿಗೆ ಬಾಯಿಪಾಠ. ನಾಲ್ಕು ವರ್ಷಗಳಿಂದ ಟೀ ಹೊತ್ತಿನಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಎಂದು ಕೊರೆದು ಕೊರೆದು ಅವನಿಗೆ 'ಫೋರ್‌ವೀಲ್' ಎಂದೇ ಹೆಸರು ಬಿದ್ದಿತ್ತು. ಡ್ರೈವರಣ್ಣ ಕೂಡ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ, ಪಾಪ. ಈ ಪಂಡಿತ ಆ ಜೀಪನ್ನು ಒಮ್ಮೆಯೂ ಓಡಿಸಿಲ್ಲ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಜೊತೆಗೆ ಸ್ಟೋರ್‌ಕೀಪರ್ ಹತ್ತಿದ. ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸದಿದ್ದರೆ ಅವನಿಗೆ ಉಂಡದ್ದು ಅರಗದು. ಗೇರಿನ ಪಕ್ಕದ ಗಿಡ್ಡ ಲಿವರ್ ಯಾತಕ್ಕೆ ಎಂದು ಕೇಳಿದ. ಎಳೆದರೆ ಮುಂದಿನ ಚಕ್ರಗಳಿಗೂ ಬಲ ಬರುತ್ತದೆ ಎಂದ ಫೋರ್‌ವೀಲ್.

"ನಾಲ್ಕು ವರ್ಷದಿಂದ ಕೇಳ್ತಾನೇ ಇದೀವಿ. ಒಂದ್ಸಲನಾದ್ರೂ ಮಾಡಿ ತೋರ್ಸಿ."

ಸುಡುಬಿಸಿಲು, ಒಣಗಿ ಕಾದ ಟಾರು ರಸ್ತೆ. ಫೋರ್‌ವೀಲ್ ಗಾಡಿ ನಿಲ್ಲಿಸಿ ಲಿವರ್ ಎಳೆದ. ನೇರ ರಸ್ತೆಯಲ್ಲಿ ಜೀಪು ತೆಪ್ಪಗೆ ಓಡಿತು. ತಿರುವು ಬಂದದ್ದೇ ತಡ, ಸ್ಟೀರಿಂಗು ಹಟ ಹಿಡಿದ ಹೋರಿಯ ಕತ್ತಿನ ಹಾಗೆ ಬಿಗಿಯಿತು, ಟೈರುಗಳು ಕಿರ್ರೆಂದವು. ಅವನು ಹಲ್ಲು ಕಚ್ಚಿ ಇನ್ನಷ್ಟು ತಿರುಗಿಸಿದ. ಮುಂದಿನ ಬಲಚಕ್ರದ ಒಳಗೆಲ್ಲೋ ಕಟಕ್ ಎಂದಿತು. ಚಕ್ರ ಸಿಕ್ಕಿಕೊಂಡು ಜೀಪು ಅಲ್ಲೇ ನಿಂತಿತು. ಅವನು ಲಿವರನ್ನು ಮೊದಲಿನ ಜಾಗಕ್ಕೆ ತಳ್ಳಿದ.

ಕಸದ ಲಾರಿಯೊಂದು ಜೀಪನ್ನು ಎಳೆದು ತಂದಿತು, ಅದೂ ಊಟದ ಬಿಡುವಿಗೆ ಸರಿಯಾಗಿ. ಇಡೀ ಕಚೇರಿ ಬಾಗಿಲಲ್ಲಿ ನಿಂತಿತ್ತು. ಯಾರೂ ಕೇಳುವ ಮೊದಲೇ ಸ್ಟೋರ್‌ಕೀಪರ್, ಗ್ರೀಸ್ ಮುಖ ನೋಡದ ಗಾಡಿ ಇನ್ನೇನಾಗುತ್ತದೆ ಎಂದುಬಿಟ್ಟ. ಫೋರ್‌ವೀಲ್ ಆ ಮಾತನ್ನು ತಿದ್ದದೆ ಒಳಗೆ ಹೋಗಿ ಕೈಪಿಡಿಯ ಎರಡನೆಯ ಅಧ್ಯಾಯ ತೆಗೆದ. ಒಣ ರಸ್ತೆಯಲ್ಲಿ ಫೋರ್‌ವೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಒಂದಕ್ಕೊಂದು ಜಗ್ಗಾಡಿ ಆಕ್ಸಲಿನ ಕೀಲು ಮುರಿಯುತ್ತದೆ ಎಂದು ದಪ್ಪಕ್ಷರದಲ್ಲೇ ಇತ್ತು. ಅವನ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಕಚೇರಿಯ ಮುಖ್ಯಸ್ಥೆ ಮೇಡಂ, ಗ್ರೀಸ್ ಹಾಕದೆ ಗಾಡಿ ಕೆಡಿಸಿದ್ದಕ್ಕೆ ಡ್ರೈವರಣ್ಣನಿಗೆ ಮೆಮೊ ಬರೆಸಿದ್ದರು. ತಿಂಗಳ ಕೊನೆಗೆ ಅವನ ನಿವೃತ್ತಿ. ಮೂವತ್ತು ವರ್ಷ ಒಂದು ಗೀರೂ ಬೀಳದಂತೆ ಗಾಡಿ ಓಡಿಸಿದವನು ಕಪ್ಪುಚುಕ್ಕೆ ಹೊತ್ತು ಮನೆಗೆ ಹೋಗಬೇಕು. ಫೋರ್‌ವೀಲ್‌ಗೆ ಊಟ ಸೇರಲಿಲ್ಲ. ಥೂ ನಿನ್ನ ಜನ್ಮಕ್ಕೆ ಎಂದು ತನ್ನನ್ನೇ ಬೈದುಕೊಂಡು ಮೇಡಂ ಕೋಣೆಗೆ ನಡೆದ.

"ಅವರ ತಪ್ಪೇನೂ ಇಲ್ಲ ಮೇಡಂ. ಒಣ ರಸ್ತೇಲಿ ಫೋರ್‌ವೀಲ್ ಹಾಕಿದ್ದು ನಾನು."

ಮೇಡಂ ಸ್ಟೋರ್‌ಕೀಪರನ್ನು ಕರೆಸಿದರು. ತಾನೇ ಹುರಿದುಂಬಿಸಿದ್ದು ಹೊರಬಿದ್ದರೆ ಕಷ್ಟವೆಂದು ಅವನು, ಇವರು ಆ ಲಿವರ್ ಮುಟ್ಟಲೇ ಇಲ್ಲ, ಹೂವಿನ ಹಾಗೆ ಓಡಿಸಿದರು ಎಂದು ಆಣೆ ಮಾಡಿದ. ಮೇಡಂ ಕಣ್ಣು ಒದ್ದೆಯಾಯಿತು.

"ಇಷ್ಟು ತಿಳಿದೋರು ನೀವು ಹಾಗೆ ಮಾಡ್ತೀರಾ? ಅವರನ್ನ ಉಳಿಸೋಕೆ ಸುಳ್ಳು ಹೇಳ್ತಿದೀರಿ."

ಫೋರ್‌ವೀಲ್ ಅಂಗಲಾಚಿದಷ್ಟೂ ಅವರ ಕಣ್ಣಿಗೆ ದೊಡ್ಡವನಾಗುತ್ತ ಹೋದ. ಕೊನೆಗೆ ಮೇಡಂ ಅವನ ಮುಖ ನೋಡಿ ಡ್ರೈವರಣ್ಣನ ತಪ್ಪನ್ನು ಕ್ಷಮಿಸಿ ಮೆಮೊ ಹರಿದರು. ಸುದ್ದಿಯನ್ನು ಕಚೇರಿಗೆಲ್ಲ ಹಂಚುವ ಕೆಲಸ ಸ್ಟೋರ್‌ಕೀಪರ್ ವಹಿಸಿಕೊಂಡ.

ಸಂಜೆ ಡ್ರೈವರಣ್ಣ ಬಂದ. ಒಂದು ಕೆನ್ನೆ ಊದಿಕೊಂಡಿತ್ತು. ಅವನು ಫೋರ್‌ವೀಲ್‌ನ ಎರಡೂ ಕೈ ಹಿಡಿದುಕೊಂಡ. ಜನ ಸುತ್ತ ಸೇರಿದರು. ಫೋರ್‌ವೀಲ್ ತಲೆ ಎತ್ತಲಾರದೆ, ನಿಜವಾಗಿಯೂ ತಪ್ಪು ತನ್ನದೇ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಡ್ರೈವರಣ್ಣ ಮಾತ್ರ ತಟ್ಟಲಿಲ್ಲ. ಎದುರಿಗೊಂದು ಸ್ಟೂಲ್ ಎಳೆದುಕೊಂಡು, ಪಾಠ ಕೇಳುವವನ ಹಾಗೆ ಕೈಕಟ್ಟಿ ಕೂತ.

"ಮೊನ್ನೆ ತಾನೇ ಗ್ರೀಸ್ ಹಾಕಿದ್ದೆ ಸಾರ್, ಆದ್ರೂ ಹೀಗಾಯ್ತು. ನಾನು ಎಲ್ಲಿ ತಪ್ಪಿದೆ ಅಂತ ನೀವೇ ಬಿಡಿಸಿ ಹೇಳ್ಬೇಕು. ರಿಟೈರ್ ಆಗೋ ಮುಂಚೆ ಅದೊಂದು ಕಲ್ತುಕೊಂಡು ಹೋಗ್ತೀನಿ."